ಕಸದ ಆಟೋದವರು ಗ್ಯಾಸ್ ಆಫ್ ಮಾಡುವುದಿಲ್ಲ: ಜಾವಾ ಕೋಡಿನಿಂದ ಫೈನಲೈಜ್ ತೆಗೆಯುವ ಬಗೆ

ಹನುಮಂತನಗರದ ನಮ್ಮ ಬೀದಿಗೆ ಬೆಳಿಗ್ಗೆ ಕಸದ ಆಟೋ ಬರುತ್ತದೆ. ಎಷ್ಟು ಹೊತ್ತಿಗೆ ಅಂತ ಮಾತ್ರ ಕೇಳಬೇಡಿ. ಕೆಲವು ದಿನ ಆರೂವರೆಗೇ ಅದರ ಹಾಡು ಕೇಳಿಸುತ್ತದೆ, ಕೆಲವು ದಿನ ಹತ್ತು ಗಂಟೆಯಾಗುತ್ತದೆ, ಒಂದೊಂದು ದಿನ ಬರುವುದೇ ಇಲ್ಲ. ನಮ್ಮ ಅತ್ತೆ ಹಸಿ ಕಸದ ಬಕೆಟ್ ಗೇಟಿನ ಪಕ್ಕ ಇಟ್ಟು, "ಬರ್ತಾನೆ ಬಿಡು, ಬಂದಾಗ ತಗೊಂಡು ಹೋಗ್ತಾನೆ" ಅಂದು ಒಳಗೆ ಬರುತ್ತಾರೆ. ಕಸಕ್ಕೆ ಅಷ್ಟು ಸಾಕು. ಅದೇ ಅತ್ತೆ ಹಾಲು ಕಾಯಿಸಿ ದೇವಸ್ಥಾನಕ್ಕೆ ಹೊರಟರೆ, ಗ್ಯಾಸ್ ಆಫ್ ಆಗಿದೆಯಾ ಅಂತ ಎರಡು ಸಲ ನೋಡುತ್ತಾರೆ. ಕಸದ ಆಟೋದವನು ಬಂದಾಗ ಆಫ್ ಮಾಡಲಿ ಅನ್ನುವುದಿಲ್ಲ.

ನಾನು 16 ವರ್ಷದಿಂದ ಜಾವಾ ಬರೆಯುತ್ತಿದ್ದೇನೆ. ಇಷ್ಟು ಸಣ್ಣ ವಿಷಯ ಗೊತ್ತಿದ್ದೂ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಜೂನ್ ಮೊದಲ ವಾರ, ಶಾಲೆ ಶುರುವಾಗುವ ಹೊತ್ತು. ಶಾಲಾ ಫೀಸ್ ಆನ್‌ಲೈನಲ್ಲಿ ಕಟ್ಟಿಸಿಕೊಳ್ಳುವ ಒಂದು ಸರ್ವಿಸ್ ನಮ್ಮ ಟೀಮಿನ ಕೈಯಲ್ಲಿತ್ತು. ಜಾವಾ 11. ಫೀಸ್ ಕಟ್ಟಿದ ಪ್ರತಿಯೊಬ್ಬರಿಗೂ ಒಂದು ರಸೀದಿ ಫೈಲ್ ಬರೆದಿಡಬೇಕು. ಆ ಕೆಲಸದ ಕ್ಲಾಸನ್ನು ಯಾರೋ ಯಾವ ಕಾಲದಲ್ಲೋ ಬರೆದಿದ್ದರು. ಅದರಲ್ಲಿ ಕ್ಲೋಸ್ ಮೆಥಡ್ ಇತ್ತು, ಆದರೆ ಹೊರಗಿನಿಂದ ಯಾರೂ ಅದನ್ನು ಕರೆಯುತ್ತಿರಲಿಲ್ಲ. ಬದಲಿಗೆ ಕೆಳಗಡೆ ಒಂದು ಫೈನಲೈಜ್ ಮೆಥಡ್ (ಆಬ್ಜೆಕ್ಟನ್ನು ತೆಗೆಯುವ ಮೊದಲು ಜಾವಾ ತಾನಾಗಿ ಕರೆಯುವ ಮೆಥಡ್) ಇತ್ತು, ಅದರೊಳಗೆ ಕ್ಲೋಸ್ ಕರೆದಿದ್ದರು. ಆಬ್ಜೆಕ್ಟ್ ಬೇಡವಾದಾಗ ಗಾರ್ಬೇಜ್ ಕಲೆಕ್ಟರ್ (ಬೇಡವಾದ ಆಬ್ಜೆಕ್ಟುಗಳ ಮೆಮರಿ ವಾಪಸ್ ಪಡೆಯುವ ಜಾವಾದ ಕಸದ ಆಟೋ, ಚಿಕ್ಕದಾಗಿ ಜಿಸಿ) ಬಂದು ಮುಚ್ಚಿಕೊಳ್ಳುತ್ತದೆ ಅನ್ನುವ ನಂಬಿಕೆ. ವರ್ಷಗಟ್ಟಲೆ ಹಾಗೇ ಓಡಿತ್ತು, ಒಂದು ದಿನವೂ ತಕರಾರಿಲ್ಲ.

ಟೀಮಿನ ಹುಡುಗನೊಬ್ಬ, "ಮೇಡಂ, ಸೀಸನ್ ಟೈಮು, ಹೀಪ್ ಸ್ವಲ್ಪ ಜಾಸ್ತಿ ಮಾಡ್ಬಿಡೋಣ್ವಾ?" ಅಂದ. ನಾನೂ ಹೆಚ್ಚು ಯೋಚಿಸದೆ, "ಮಾಡಪ್ಪ" ಅಂದೆ. ಹೀಪ್ ಅಂದರೆ ಆಬ್ಜೆಕ್ಟುಗಳು ಕೂರುವ ಮೆಮರಿ. 1 ಜಿಬಿ ಇದ್ದದ್ದು 6 ಜಿಬಿ ಆಯಿತು. ಸೋಮವಾರ ಬೆಳಿಗ್ಗೆ ನ್ಯಾಷನಲ್ ಕಾಲೇಜು ಮೆಟ್ರೋ ಸ್ಟೇಷನ್ ಮೆಟ್ಟಿಲು ಹತ್ತುತ್ತಿದ್ದಾಗ ಫೋನ್ ಬಡಿದುಕೊಳ್ಳಲು ಶುರುವಾಯಿತು. ಅಲ್ಲೇ ಒಂದು ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ಲಾಗ್ ತುಂಬಾ ಒಂದೇ ಸಾಲು: ಟೂ ಮೆನಿ ಓಪನ್ ಫೈಲ್ಸ್. ಮೆಮರಿ ಗ್ರಾಫ್ ನೋಡಿದರೆ ಅರ್ಧವೂ ತುಂಬಿಲ್ಲ, ಆರಾಮಾಗಿದೆ.

ಲೆಕ್ಕ ಹಾಕಿದ ಮೇಲೆ ನಗು ಬಂತು. ನಮ್ಮ ಕಂಟೇನರಿನಲ್ಲಿ ಒಂದು ಪ್ರಾಸೆಸ್ ಒಟ್ಟಿಗೆ 4096 ಫೈಲ್ ತೆರೆದಿಟ್ಟುಕೊಳ್ಳಬಹುದಿತ್ತು. ಸೆಕೆಂಡಿಗೆ ಸುಮಾರು 40 ರಸೀದಿ ಬರೆಯುತ್ತಿದ್ದೆವು. ಹೀಪ್ 1 ಜಿಬಿ ಇದ್ದಾಗ ಅದು ಬೇಗ ತುಂಬಿ, ಸುಮಾರು 20 ಸೆಕೆಂಡಿಗೊಮ್ಮೆ ಜಿಸಿ ಓಡುತ್ತಿತ್ತು. 20 ಸೆಕೆಂಡಿಗೆ 800 ಫೈಲ್. ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಹೀಪ್ 6 ಜಿಬಿ ಆದ ಮೇಲೆ ಜಿಸಿಗೆ ಅವಸರವೇ ಇಲ್ಲ, ಎರಡು ನಿಮಿಷಕ್ಕೊಮ್ಮೆ ಓಡಿದರೆ ಆಯಿತು. ಎರಡು ನಿಮಿಷಕ್ಕೆ 4800. ಅಷ್ಟರೊಳಗೆ ಮಿತಿ ದಾಟಿತ್ತು. ಮೆಮರಿ ಜಾಸ್ತಿ ಕೊಟ್ಟದ್ದಕ್ಕೇ ಸರ್ವಿಸ್ ಬಿತ್ತು.

ಜಿಸಿಗೆ ಗೊತ್ತಿರುವುದು ಹೀಪ್ ಮೆಮರಿ ಒಂದೇ. ಅದು ತುಂಬುತ್ತಾ ಬಂದರೆ ಎದ್ದು ಬರುತ್ತದೆ. ಫೈಲ್ ಹ್ಯಾಂಡಲ್, ಸಾಕೆಟ್, ಡೇಟಾಬೇಸ್ ಕನೆಕ್ಷನ್, ಲಾಕ್ ಇವೆಲ್ಲ ಎಷ್ಟು ಖರ್ಚಾಗಿವೆ ಅಂತ ಅದು ನೋಡುವುದೇ ಇಲ್ಲ. ಫೈಲ್ ಮುಗಿದು ಹೋಗುತ್ತಿದೆ, ಬೇಗ ಬಾ ಅಂತ ಅದಕ್ಕೆ ಹೇಳುವ ದಾರಿಯೂ ಇಲ್ಲ.

ಜಾವಾ ಮಾತು ಕೊಟ್ಟಿರುವುದು ಯಾವುದಕ್ಕೆ

ಫೈನಲೈಜ್ ತೆಗೆಯುವ ಮೊದಲು ಇದನ್ನು ತಿಳಿದುಕೊಳ್ಳಿ. ಇಲ್ಲದಿದ್ದರೆ ಒಂದು ಕಡೆ ತೆಗೆದು ಇನ್ನೊಂದು ಕಡೆ ಅದೇ ತಪ್ಪು ಮಾಡುತ್ತೀರಿ.

ನಿಮ್ಮ ಪ್ರೋಗ್ರಾಮ್ ಇನ್ನೂ ತಲುಪಬಹುದಾದ ಆಬ್ಜೆಕ್ಟನ್ನು ಜಿಸಿ ಮುಟ್ಟುವುದಿಲ್ಲ. ಇದು ಗಟ್ಟಿ ಮಾತು. ಔಟ್ ಆಫ್ ಮೆಮರಿ ಎರರ್ ಎಸೆಯುವ ಮೊದಲು, ಸಾಫ್ಟ್ ರೆಫರೆನ್ಸ್ (ಮೆಮರಿ ಸಾಲದಾದರೆ ಬಿಡಬಹುದು ಅನ್ನುವ ಸಡಿಲ ಹಿಡಿತ) ಮಾತ್ರ ಹಿಡಿದಿಟ್ಟಿರುವ ಆಬ್ಜೆಕ್ಟುಗಳನ್ನೆಲ್ಲ ಬಿಡಿಸಿರುತ್ತದೆ. ಇದೂ ಗಟ್ಟಿ. ಒಂದು ಆಬ್ಜೆಕ್ಟಿನ ಫೈನಲೈಜನ್ನು ಜೆವಿಎಂ (ಜಾವಾ ಪ್ರೋಗ್ರಾಮನ್ನು ಓಡಿಸುವ ಯಂತ್ರ) ಒಂದು ಸಲಕ್ಕಿಂತ ಜಾಸ್ತಿ ಕರೆಯುವುದಿಲ್ಲ. ಎರಡು ಆಬ್ಜೆಕ್ಟುಗಳು ಒಂದನ್ನೊಂದು ಹಿಡಿದುಕೊಂಡಿದ್ದರೆ ಎರಡೂ ಉಳಿದುಬಿಡುತ್ತವೆ ಅನ್ನುವ ಹೆದರಿಕೆ ಬೇಡ, ಹೊರಗಿನಿಂದ ದಾರಿ ಇಲ್ಲದಿದ್ದರೆ ಎರಡೂ ಬೇಡವಾದವು ಅಂತಲೇ ಲೆಕ್ಕ.

ಮಾತು ಕೊಡದೆ ಇರುವ ಪಟ್ಟಿ ಇದಕ್ಕಿಂತ ಉದ್ದ. ಬೇಡವಾದ ಆಬ್ಜೆಕ್ಟನ್ನು ಇಷ್ಟು ಹೊತ್ತಿಗೆ ತೆಗೆಯುತ್ತೇನೆ ಅಂತ ಎಲ್ಲೂ ಹೇಳಿಲ್ಲ. ತೆಗೆದೇ ತೆಗೆಯುತ್ತೇನೆ ಅಂತಲೂ ಹೇಳಿಲ್ಲ. ನಂಬದಿದ್ದರೆ ನೋಡಿ, ಜಾವಾ 11ರಲ್ಲಿ ಎಪ್ಸಿಲಾನ್ ಅಂತ ಒಂದು ಕಲೆಕ್ಟರ್ ಬಂತು. ಅದು ಮೆಮರಿ ಕೊಡುತ್ತದೆ, ವಾಪಸ್ ತೆಗೆದುಕೊಳ್ಳುವುದೇ ಇಲ್ಲ. ಕಸದ ಆಟೋನೇ ಇಲ್ಲದ ಊರು ಅಂದುಕೊಳ್ಳಿ. ಆದರೂ ಅದು ನಿಯಮ ಮೀರಿದ ಜಾವಾ ಅಲ್ಲ. ಈ ಎಪ್ಸಿಲಾನನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಕೆಲಸಕ್ಕೆ ಬರುತ್ತದೆ.

ಫೈನಲೈಜ್ ಯಾವ ಥ್ರೆಡ್ಡಿನಲ್ಲಿ (ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ನಡೆಯುವ ಕೆಲಸದ ಎಳೆ) ಓಡುತ್ತದೆ, ಯಾವುದು ಮೊದಲು ಯಾವುದು ಆಮೇಲೆ, ಇದಕ್ಕೂ ಭರವಸೆ ಇಲ್ಲ. ಅದರೊಳಗೆ ಎಕ್ಸೆಪ್ಶನ್ (ಓಡುವಾಗ ಎದುರಾಗುವ ದೋಷ) ಬಿದ್ದರೆ ಸುಮ್ನೆ ನುಂಗಿಹಾಕುತ್ತದೆ, ಲಾಗಿನಲ್ಲಿ ಒಂದು ಅಕ್ಷರವೂ ಸಿಗುವುದಿಲ್ಲ. ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಇದರ ಮೇಲೆ. ಮುಚ್ಚುವಾಗ ಡಿಸ್ಕ್ ತುಂಬಿ ಅರ್ಧ ರಸೀದಿ ಬರೆದಿದ್ದರೂ ನಿಮಗೆ ಗೊತ್ತಾಗುವುದಿಲ್ಲ.

ನಾವೆಲ್ಲ ಬಳಸುವ ಹಾಟ್‌ಸ್ಪಾಟ್ ಜೆವಿಎಂನಲ್ಲಿ ಫೈನಲೈಜರ್ ಅಂತ ಒಂದೇ ಥ್ರೆಡ್ ಇರುತ್ತದೆ. ಫೈನಲೈಜ್ ಇರುವ ಆಬ್ಜೆಕ್ಟ್ ಬೇಡವಾಯಿತು ಅಂತ ಜಿಸಿಗೆ ಗೊತ್ತಾದರೆ ಅದನ್ನು ಕೂಡಲೇ ತೆಗೆಯುವ ಹಾಗಿಲ್ಲ. ಮೊದಲು ಒಂದು ಕ್ಯೂಗೆ ಹಾಕುತ್ತದೆ. ಆ ಒಂದೇ ಥ್ರೆಡ್ ಒಂದೊಂದನ್ನೇ ಎತ್ತಿ ಫೈನಲೈಜ್ ಓಡಿಸುತ್ತದೆ. ಮೆಮರಿ ವಾಪಸ್ ಬರುವುದು ಅದಾದ ಮೇಲಿನ ಇನ್ನೊಂದು ಜಿಸಿಯಲ್ಲಿ. ಅಂದರೆ ಕನಿಷ್ಠ ಎರಡು ಸುತ್ತು. ಅಷ್ಟರವರೆಗೆ ಆ ಆಬ್ಜೆಕ್ಟ್ ಹಿಡಿದಿಟ್ಟ ಮಿಕ್ಕವೂ ಹಾಗೇ ಬಿದ್ದಿರುತ್ತವೆ. ಯಾವುದೋ ಒಂದು ಫೈನಲೈಜ್ ನೆಟ್‌ವರ್ಕಿಗೆ ಕಾಯುತ್ತಾ ನಿಂತರೆ ಹಿಂದಿನ ಸಾಲು ಪೂರ್ತಿ ನಿಲ್ಲುತ್ತದೆ. ಚಿಲ್ಲರೆ ಹುಡುಕುತ್ತಾ ನಿಂತ ಒಬ್ಬರಿಂದ ದರ್ಶಿನಿಯ ಟೋಕನ್ ಕ್ಯೂ ಬಾಗಿಲಾಚೆ ಹೋಗುತ್ತದಲ್ಲ, ಹಾಗೆ.

ಇದೆಲ್ಲ ಜಾವಾ ಮಾಡುವವರಿಗೂ ಗೊತ್ತಿತ್ತು. 2017ರ ಜಾವಾ 9ರಲ್ಲಿ ಫೈನಲೈಜ್ ಬಳಸಬೇಡಿ ಅಂತ ಗುರುತು ಹಾಕಿದರು. 2022ರ ಜಾವಾ 18ರಲ್ಲಿ, ಮುಂದೆ ತೆಗೆದೇ ಹಾಕುತ್ತೇವೆ ಅಂತ ಹೇಳಿದರು. ನಮ್ಮ ಬಿಲ್ಡಿನಲ್ಲಿ ಆ ಹಳದಿ ಎಚ್ಚರಿಕೆ ಎರಡು ವರ್ಷ ಕಾಣಿಸುತ್ತಿತ್ತು. ನಾವು ಅದನ್ನು ದಾಟಿಕೊಂಡು ಹೋಗುತ್ತಿದ್ದೆವು.

ನಿಮ್ಮಲ್ಲಿ ಎಲ್ಲಿದೆ ಅಂತ ಹುಡುಕುವುದು

ಮೊದಲು ಕೋಡ್ ಪೂರ್ತಿ ಫೈನಲೈಜ್ ಹೆಸರಿಗೆ ಹುಡುಕಿ. ಐದು ನಿಮಿಷದ ಕೆಲಸ. ಅಲ್ಲಿಗೇ ನಿಲ್ಲಬೇಡಿ, ಹೊರಗಿನಿಂದ ತಂದ ಹಳೇ ಜಾರ್ ಫೈಲುಗಳ (ಜಾವಾ ಲೈಬ್ರರಿಗಳ ಕಟ್ಟು) ಒಳಗೂ ಇರುತ್ತದೆ. ಅದಕ್ಕೆ ಓಡುತ್ತಿರುವ ಪ್ರಾಸೆಸ್ ಮೇಲೆ ಜಾವಾ ಜೊತೆಗೇ ಬರುವ ಜೆಸಿಎಂಡಿ ಬಳಸಿ, ಜಿಸಿ.ಫೈನಲೈಜರ್_ಇನ್ಫೋ ಅನ್ನುವ ಆದೇಶ ಕೊಡಿ. ಕ್ಯೂನಲ್ಲಿ ಕಾಯುತ್ತಿರುವ ಆಬ್ಜೆಕ್ಟುಗಳು ಕ್ಲಾಸಿನ ಹೆಸರಿನ ಸಮೇತ ಬರುತ್ತವೆ. ಜೆಮ್ಯಾಪ್‌ನ ಹಿಸ್ಟೋ (ಯಾವ ಕ್ಲಾಸಿನ ಆಬ್ಜೆಕ್ಟ್ ಎಷ್ಟಿವೆ ಅನ್ನುವ ಪಟ್ಟಿ) ತೆಗೆದಾಗ ಫೈನಲೈಜರ್ ಅನ್ನುವ ಸಾಲು ಮೇಲಿನ ಹತ್ತರಲ್ಲಿ ಕಂಡರೆ ರೋಗ ಅಲ್ಲೇ ಇದೆ. ಆ ಥ್ರೆಡ್ ಎಲ್ಲಿ ಸಿಕ್ಕಿಕೊಂಡಿದೆ ಅಂತ ಜೆಸ್ಟ್ಯಾಕ್ ತೋರಿಸುತ್ತದೆ.

ಜಾವಾ 18 ಅಥವಾ ಅದರಾಚೆ ಇದ್ದರೆ ಇನ್ನೂ ಸುಲಭ. ಜಾವಾ ಓಡುವಾಗ ಆಗುವುದನ್ನು ದಾಖಲಿಸುವ ಫ್ಲೈಟ್ ರೆಕಾರ್ಡರ್‌ನಲ್ಲಿ ಫೈನಲೈಜರ್ ಸ್ಟ್ಯಾಟಿಸ್ಟಿಕ್ಸ್ ಅನ್ನುವ ಈವೆಂಟ್ ಇದೆ, ಯಾವ ಕ್ಲಾಸ್ ಎಷ್ಟು ಸಲ ಅಂತ ಹೇಳುತ್ತದೆ. ಜೊತೆಗೆ ಜಾವಾ ಶುರು ಮಾಡುವಾಗ ಫೈನಲೈಜೇಶನ್ ಆಪ್ಷನ್ನಿಗೆ ಡಿಸೇಬಲ್ಡ್ ಅಂತ ಕೊಟ್ಟರೆ ಒಂದೂ ಫೈನಲೈಜ್ ಓಡುವುದಿಲ್ಲ. ಟೆಸ್ಟ್ ಮೆಷಿನ್ನಿನಲ್ಲಿ ಹೀಗೆ ಓಡಿಸಿ ಒಂದು ದಿನ ಬಿಡಿ. ಏನು ಕೆಡುತ್ತದೋ ಅದೇ ನಿಮ್ಮ ಕೆಲಸದ ಪಟ್ಟಿ.

ಲಿನಕ್ಸಿನಲ್ಲಿ ಪ್ರಾಸೆಸ್ ತೆರೆದಿಟ್ಟ ಫೈಲುಗಳನ್ನು ಎಲ್‌ಎಸ್‌ಒಎಫ್ ಆದೇಶ ತೋರಿಸುತ್ತದೆ. ನಾನು ಅವತ್ತು ಮೆಟ್ರೋ ಮೆಟ್ಟಿಲ ಮೇಲೆ ಕೂತು ಓಡಿಸಿದ್ದು ಅದನ್ನೇ. ನಾಲ್ಕು ಸಾವಿರ ಸಾಲು, ಎಲ್ಲವೂ ರಸೀದಿ ಫೋಲ್ಡರಿನವು.

ರಿಪೇರಿ

ಕ್ಲಾಸಿಗೆ ಆಟೋಕ್ಲೋಸಬಲ್ ಇಂಟರ್ಫೇಸ್ ಹಾಕಿ. ಬಳಸುವ ಕಡೆಯೆಲ್ಲ ಟ್ರೈ-ವಿತ್-ರಿಸೋರ್ಸಸ್ ಬರೆಯಿರಿ. ಇದು 2011ರ ಜಾವಾ 7ರಿಂದ ಇದೆ, ಹೊಸದೇನಲ್ಲ. ಕೋಡನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. ಕೀವರ್ಡುಗಳನ್ನು ಎಡಿಟರಿನಲ್ಲಿ ಇಂಗ್ಲಿಷಿನಲ್ಲೇ ಹೊಡೆಯಬೇಕು. ವೇರಿಯಬಲ್ ಹೆಸರು ಕನ್ನಡದಲ್ಲಿದ್ದರೂ ಜಾವಾ ಕಂಪೈಲರ್ ಬೇಡ ಅನ್ನುವುದಿಲ್ಲ, ಬೇಕಾದರೆ ಮಾಡಿ ನೋಡಿ.

ಟ್ರೈ (ವಾರ್ ರಸೀದಿ = ರಸೀದಿಫೈಲ್.ತೆರೆ(ಹೆಸರು)) {
    ರಸೀದಿ.ಬರೆ(ವಿವರ);
}

ಬ್ರ್ಯಾಕೆಟ್ ಮುಚ್ಚಿದ ಕ್ಷಣ ಫೈಲೂ ಮುಚ್ಚುತ್ತದೆ. ಮಧ್ಯದಲ್ಲಿ ಎಕ್ಸೆಪ್ಶನ್ ಬಂದರೂ ಸರಿ, ರಿಟರ್ನ್ ಆದರೂ ಸರಿ. ಎರಡು ಮೂರು ತೆರೆದಿದ್ದರೆ ಕೊನೆಗೆ ತೆರೆದದ್ದನ್ನು ಮೊದಲು ಮುಚ್ಚುತ್ತದೆ. ಬರೆಯುವಾಗಲೂ ಮುಚ್ಚುವಾಗಲೂ ಎರಡೂ ಕಡೆ ಎಕ್ಸೆಪ್ಶನ್ ಬಂದರೆ ಬರೆಯುವಾಗ ಬಂದದ್ದನ್ನು ನಿಮ್ಮ ಕೈಗೆ ಕೊಟ್ಟು, ಮುಚ್ಚುವಾಗ ಬಂದದ್ದನ್ನು ಸಪ್ರೆಸ್ಡ್ ಅಂತ ಅದಕ್ಕೇ ಅಂಟಿಸಿರುತ್ತದೆ. ಹಳೇ ಫೈನಲಿ ಬ್ಲಾಕಿನಲ್ಲಿ ಮೊದಲನೆಯದು ಕಳೆದುಹೋಗುತ್ತಿತ್ತು.

ಒಂದು ಕಡೆ ಮಾತ್ರ ಎಲ್ಲರೂ ಎಡವುತ್ತಾರೆ. ಜಿಪ್ ಮಾಡಿದ ಫೈಲನ್ನು ಬಿಚ್ಚಿ ಓದುವ ಜಿಜಿಪ್ ಇನ್‌ಪುಟ್ ಸ್ಟ್ರೀಮ್ ಮಾಡುವಾಗ ಒಳಗಡೆಯೇ ಫೈಲ್ ಇನ್‌ಪುಟ್ ಸ್ಟ್ರೀಮನ್ನೂ ಹೊಸದಾಗಿ ಮಾಡಿ ಒಂದೇ ಸಾಲಿನಲ್ಲಿ ಕೂರಿಸುತ್ತಾರೆ. ನೋಡಲು ಚೆಂದ. ಆದರೆ ಜಿಜಿಪ್ ಸ್ಟ್ರೀಮ್ ತನ್ನ ಕನ್‌ಸ್ಟ್ರಕ್ಟರಿನಲ್ಲೇ ಫೈಲಿನ ತಲೆಭಾಗ ಓದುತ್ತದೆ. ಯಾರೋ ಜಿಪ್ ಮಾಡದ ಫೈಲ್ ಕಳಿಸಿದರೆ ಅಲ್ಲೇ ಎಕ್ಸೆಪ್ಶನ್. ಹೊರಗಿನದು ಹುಟ್ಟಲೇ ಇಲ್ಲ, ಹಾಗಾಗಿ ಅದನ್ನು ಮುಚ್ಚುವ ಪ್ರಶ್ನೆ ಇಲ್ಲ. ಒಳಗಿನ ಫೈಲ್ ತೆರೆದೇ ಉಳಿಯಿತು. ಅದಕ್ಕೆ ಟ್ರೈ ಬ್ರ್ಯಾಕೆಟ್ಟಿನೊಳಗೆ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ, ಬೇರೆ ಬೇರೆ ಹೆಸರಿಟ್ಟು ಬರೆಯಿರಿ. ಹಾಗೆಯೇ ಫೈಲ್ಸ್.ಲಿಸ್ಟ್ ಮತ್ತು ಫೈಲ್ಸ್.ಲೈನ್ಸ್ ಕೊಡುವ ಸ್ಟ್ರೀಮುಗಳನ್ನೂ ಮುಚ್ಚಲೇಬೇಕು. ಲಿಸ್ಟ್ ಸ್ಟ್ರೀಮ್ ತಾನೇ ಅಂತ ಮರೆತುಬಿಡುತ್ತಾರೆ, ಅದರ ಹಿಂದೆ ತೆರೆದ ಡೈರೆಕ್ಟರಿ ಇರುತ್ತದೆ.

ಕ್ಲೀನರ್: ಇಟ್ಟುಕೊಳ್ಳಿ, ನಂಬಿಕೊಳ್ಳಬೇಡಿ

ನಿಮ್ಮ ಕ್ಲಾಸನ್ನು ಬೇರೆ ಟೀಮುಗಳೂ ಬಳಸುತ್ತವೆ, ಅವರು ಕ್ಲೋಸ್ ಮರೆತರೆ ಏನು ಗತಿ? ಅದಕ್ಕೆ ಜಾವಾ 9ರಿಂದ ಕ್ಲೀನರ್ ಇದೆ, ಆಬ್ಜೆಕ್ಟ್ ಬೇಡವಾದ ಮೇಲೆ ನೀವು ಕೊಟ್ಟ ಕೆಲಸ ಓಡಿಸುತ್ತದೆ. ಇದು ಒಳಗಡೆ ಫ್ಯಾಂಟಮ್ ರೆಫರೆನ್ಸ್ (ಆಬ್ಜೆಕ್ಟನ್ನು ವಾಪಸ್ ಕೈಗೆ ಕೊಡದ ಹಿಡಿತ) ಬಳಸುತ್ತದೆ. ಹಾಗಾಗಿ ಸತ್ತ ಆಬ್ಜೆಕ್ಟ್ ಮತ್ತೆ ಎದ್ದು ಕೂರುವ ಫೈನಲೈಜ್ ಕಾಲದ ಭೂತಚೇಷ್ಟೆ ಇಲ್ಲಿಲ್ಲ. ಆದರೆ ಇದೂ ಓಡುವುದು ಜಿಸಿ ನೋಡಿದ ಮೇಲೆಯೇ. ಹೊತ್ತಿನ ಭರವಸೆ ಇದಕ್ಕೂ ಇಲ್ಲ.

ಬರೆಯುವಾಗ ಒಂದು ವಿಷಯದಲ್ಲಿ ಕಣ್ಣು ನೆಟ್ಟಿರಬೇಕು. ಕ್ಲೀನರಿಗೆ ಕೊಡುವ ಕೆಲಸ ನಿಮ್ಮ ಆಬ್ಜೆಕ್ಟನ್ನು ಹಿಡಿದುಕೊಂಡಿರಬಾರದು. ನಾನು ಮೊದಲ ಸಲ ಬರೆದದ್ದು ಹೀಗೆ:

ಕ್ಲೀನಬಲ್ = ಕ್ಲೀನರ್.ರಿಜಿಸ್ಟರ್(ದಿಸ್, () -> ಚಾನೆಲ್.ಕ್ಲೋಸ್());

ಕ್ಲೋಸ್ ಎಸೆಯುವ ಎಕ್ಸೆಪ್ಶನ್ ಹಿಡಿಯುವ ಸಾಲುಗಳನ್ನು ಇಲ್ಲಿ ಬಿಟ್ಟಿದ್ದೇನೆ. ಎಲ್ಲಾ ಸರಿ ಕಾಣುತ್ತದೆ ಅಲ್ವಾ? ಆದರೆ ಚಾನೆಲ್ ಅನ್ನುವುದು ಇದೇ ಆಬ್ಜೆಕ್ಟಿನ ಫೀಲ್ಡ್. ಅಂದರೆ ಆ ಲ್ಯಾಂಬ್ಡಾ (ಬಾಣದ ಗುರುತಿರುವ ಹೆಸರಿಲ್ಲದ ಕೆಲಸ) ಗುಟ್ಟಾಗಿ ದಿಸ್, ಅಂದರೆ ಈ ಆಬ್ಜೆಕ್ಟ್ ಅನ್ನೇ ಹಿಡಿದುಕೊಂಡಿದೆ. ಕ್ಲೀನರ್ ಲ್ಯಾಂಬ್ಡಾವನ್ನು ಹಿಡಿದಿದೆ, ಲ್ಯಾಂಬ್ಡಾ ಆಬ್ಜೆಕ್ಟನ್ನು ಹಿಡಿದಿದೆ. ಆಬ್ಜೆಕ್ಟ್ ಎಂದೂ ಬೇಡವಾಗುವುದೇ ಇಲ್ಲ, ಕ್ಲೀನರ್ ಎಂದೂ ಓಡುವುದೇ ಇಲ್ಲ. ಕಂಪೈಲರ್ ಚಕಾರ ಎತ್ತುವುದಿಲ್ಲ. ಅರ್ಧ ದಿನ ಇದರ ಮುಂದೆ ಕೂತಿದ್ದೆ.

ಸರಿಯಾದ ದಾರಿ ಏನೆಂದರೆ, ಮುಚ್ಚಬೇಕಾದ ವಸ್ತುವನ್ನು ಮಾತ್ರ ಇಟ್ಟುಕೊಂಡ ಒಂದು ಸಣ್ಣ ಸ್ಟ್ಯಾಟಿಕ್ ಕ್ಲಾಸ್ ಮಾಡಿ. ಅದು ರನ್ನಬಲ್ ಆಗಿರಲಿ. ಚಾನೆಲ್ ಅದರೊಳಗೆ ಇರಲಿ, ಹೊರಗಿನ ಆಬ್ಜೆಕ್ಟ್ ಬಗ್ಗೆ ಅದಕ್ಕೆ ಏನೂ ಗೊತ್ತಿರಬಾರದು. ಅದನ್ನು ರಿಜಿಸ್ಟರ್ ಮಾಡಿ. ನಿಮ್ಮ ಕ್ಲೋಸ್ ಮೆಥಡ್ ಕ್ಲೀನಬಲ್.ಕ್ಲೀನ್ ಕರೆದರೆ ಸಾಕು, ಆ ಕೆಲಸ ಒಂದೇ ಸಲ ಓಡುತ್ತದೆ, ಎರಡನೇ ಸಲ ಕರೆದರೂ ಸುಮ್ಮನಿರುತ್ತದೆ. ಕ್ಲೀನರ್ ಮಾಡಿದಾಗಲೆಲ್ಲ ಅದಕ್ಕೊಂದು ಥ್ರೆಡ್ ಹುಟ್ಟುತ್ತದೆ. ಹಾಗಾಗಿ ಇಡೀ ಲೈಬ್ರರಿಗೆ ಒಂದೇ ಕ್ಲೀನರ್ ಸಾಕು, ಆಬ್ಜೆಕ್ಟಿಗೊಂದು ಮಾಡಬೇಡಿ.

ನಾವು ಅದಕ್ಕೆ ಇನ್ನೊಂದು ಸೇರಿಸಿದೆವು. ಆ ಸಣ್ಣ ಕ್ಲಾಸಿನಲ್ಲಿ ಒಂದು ಬೂಲಿಯನ್. ಕ್ಲೋಸ್ ಕರೆದವರು ಅದನ್ನು ಟ್ರೂ ಮಾಡುತ್ತಾರೆ. ಕ್ಲೀನರ್ ಓಡಿದಾಗ ಅದು ಇನ್ನೂ ಫಾಲ್ಸ್ ಇದ್ದರೆ ಯಾರೋ ಮರೆತಿದ್ದಾರೆ ಅಂತ ಅರ್ಥ, ಲಾಗಿನಲ್ಲಿ ಎಚ್ಚರಿಕೆ ಬರೆಯುತ್ತದೆ. ಕ್ಲೀನರಿನಿಂದ ನಮಗೆ ಸಿಕ್ಕ ನಿಜವಾದ ಲಾಭ ಈ ಒಂದು ಸಾಲಿನ ಲಾಗೇ. ಮೊದಲ ವಾರದಲ್ಲೇ ಇಬ್ಬರು ಸಿಕ್ಕಿಬಿದ್ದರು, ಅದರಲ್ಲಿ ಒಬ್ಬಳು ನಾನು.

ನೇಟಿವ್ ಮೆಮರಿ (ಹೀಪ್ ಹೊರಗಿನ ಮೆಮರಿ) ಜೊತೆ ಕೆಲಸ ಮಾಡುವವರಿಗೆ ಮಾತ್ರ ಒಂದು ಮಾತು. ಮೆಥಡ್ ಇನ್ನೂ ಓಡುತ್ತಿರುವಾಗಲೇ, ದಿಸ್ ಮುಂದೆ ಬೇಕಾಗಿಲ್ಲ ಅಂತ ಕಂಡರೆ, ಆಬ್ಜೆಕ್ಟನ್ನು ಬೇಡವಾದದ್ದು ಅಂತ ಎಣಿಸಲು ಜಾವಾ ನಿಯಮ ಬಿಡುತ್ತದೆ. ಅಂಥ ಕಡೆ ಕೊನೆಯ ಸಾಲಿನಲ್ಲಿ, ಫೈನಲಿ ಬ್ಲಾಕಿನೊಳಗೆ, ರೆಫರೆನ್ಸ್.ರೀಚಬಿಲಿಟಿಫೆನ್ಸ್ ಹಾಕಿ, ಅಲ್ಲಿಯವರೆಗೆ ಆಬ್ಜೆಕ್ಟ್ ಉಳಿಯುತ್ತದೆ.

ಸಿಸ್ಟಮ್.ಜಿಸಿ ಕರೆದರೆ ಆಗಲ್ವಾ?

ಅವತ್ತು ಮಧ್ಯಾಹ್ನ ಅದೇ ಹುಡುಗ ಕೇಳಿದ, "ಮೇಡಂ, ನೂರು ರಸೀದಿಗೊಂದ್ಸಲ ಸಿಸ್ಟಮ್.ಜಿಸಿ ಕರೆದ್ರೆ?" ಬೇಡ. ಅದು ಜಿಸಿ ಓಡಿಸು ಅಂತ ಬರೀ ಕೇಳಿಕೊಳ್ಳುವುದು. ಜೆವಿಎಂ ತನ್ನ ಕೈಲಾದದ್ದು ಮಾಡುತ್ತದೆ, ಇಂಥ ಆಬ್ಜೆಕ್ಟ್ ಹೋಗುತ್ತದೆ ಅಂತ ಹೇಳುವುದಿಲ್ಲ. ಡಿಸೇಬಲ್ ಎಕ್ಸ್‌ಪ್ಲಿಸಿಟ್ ಜಿಸಿ ಅನ್ನುವ ಆಪ್ಷನ್ ಹಾಕಿ ಓಡಿಸಿದರೆ ಆ ಕರೆ ಕಿವಿಗೇ ಬೀಳುವುದಿಲ್ಲ. ಬಿದ್ದರೆ ಸಾಮಾನ್ಯವಾಗಿ ಪೂರ್ತಿ ಹೀಪ್ ಗುಡಿಸಲು ಹೊರಡುತ್ತದೆ, ಫೀಸ್ ಕಟ್ಟಲು ಕಾಯುತ್ತಿರುವವರು ಕಾಯುತ್ತಲೇ ಇರುತ್ತಾರೆ.

ಪ್ರೋಗ್ರಾಮ್ ಮುಗಿಯುವಾಗ ಎಲ್ಲ ಫೈನಲೈಜ್ ಓಡಿಸು ಅಂತ ಹೇಳುವ ಮೆಥಡ್ ಮೊದಲು ಇತ್ತು, ಅಪಾಯ ಅಂತ ಜಾವಾ 11ರಲ್ಲಿ ಕಿತ್ತುಹಾಕಿದರು. ಎಕ್ಸಿಟ್ ಆಗುವಾಗ ಕ್ಲೀನರುಗಳು ಓಡುತ್ತವೆ ಅನ್ನುವ ಭರವಸೆಯೂ ಇಲ್ಲ. ಕೊನೆಯಲ್ಲಿ ಆಗಲೇಬೇಕಾದ ಕೆಲಸಕ್ಕೆ ಶಟ್‌ಡೌನ್ ಹುಕ್ (ಪ್ರೋಗ್ರಾಮ್ ಮುಗಿಯುವಾಗ ಓಡುವ ಕೆಲಸ) ಹಾಕಿ, ಅದನ್ನು ಚಿಕ್ಕದಾಗಿಡಿ. ಕಿಲ್ ಮೈನಸ್ 9 (ಪ್ರಾಸೆಸನ್ನು ಬಲವಂತವಾಗಿ ಕೊಲ್ಲುವ ಆದೇಶ) ಹೊಡೆದರೆ ಅದೂ ಓಡುವುದಿಲ್ಲ. ಹಾಗಾಗಿ ರಸೀದಿಯನ್ನು ಮೊದಲು ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ಮುಚ್ಚಿ, ಆಮೇಲೆ ನಿಜವಾದ ಹೆಸರಿಗೆ ಬದಲಾಯಿಸುವ ಅಭ್ಯಾಸ ಮಾಡಿಕೊಂಡೆವು. ಅರ್ಧಂಬರ್ಧ ಫೈಲ್ ಯಾರ ಕೈಗೂ ಸಿಗುವುದಿಲ್ಲ.

ಸರಿಯಾಯಿತಾ ಅಂತ ನೋಡುವುದು

ಇಲ್ಲಿ ಎಪ್ಸಿಲಾನ್ ಬೇಕು. ಜಿಸಿ ಓಡುವವರೆಗೆ ಕಾಯುವ ಟೆಸ್ಟುಗಳು ಇವತ್ತು ಪಾಸಾಗಿ ನಾಳೆ ಫೇಲಾಗುತ್ತವೆ. ಅದಕ್ಕೆ ಉಲ್ಟಾ ಮಾಡಿ. ಜಿಸಿ ಇಲ್ಲದೆಯೇ ಓಡಿಸಿ. ಅನ್‌ಲಾಕ್ ಎಕ್ಸ್‌ಪೆರಿಮೆಂಟಲ್ ವಿಎಂ ಆಪ್ಷನ್ಸ್ ಮತ್ತು ಯೂಸ್ ಎಪ್ಸಿಲಾನ್ ಜಿಸಿ, ಈ ಎರಡು ಆಪ್ಷನ್ ಕೊಟ್ಟರೆ ಸಾಕು. ಕಸ ಎತ್ತುವವರೇ ಇಲ್ಲದ ಮೇಲೆ ಫೈನಲೈಜ್ ಇಲ್ಲ, ಕ್ಲೀನರ್ ಕೂಡ ತಾನಾಗಿ ಓಡುವುದಿಲ್ಲ. ನೀವು ಮುಚ್ಚಿದ್ದು ಮಾತ್ರ ಮುಚ್ಚಿರುತ್ತದೆ.

ಟೆಸ್ಟಿನೊಳಗಿನಿಂದಲೇ ತೆರೆದ ಫೈಲ್ ಎಣಿಸಬಹುದು. ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್ ಎಂಎಕ್ಸ್‌ಬೀನ್‌ನಲ್ಲಿ ಗೆಟ್ ಓಪನ್ ಫೈಲ್ ಡಿಸ್ಕ್ರಿಪ್ಟರ್ ಕೌಂಟ್ ಅಂತ ಮೆಥಡ್ ಇದೆ. ಮೊದಲು ಹತ್ತು ರಸೀದಿ ಸುಮ್ನೆ ಬರೆಸಿ, ಕ್ಲಾಸುಗಳು ಜಾರುಗಳು ಎಲ್ಲ ಲೋಡ್ ಆಗಲಿ. ಆಮೇಲೆ ಎಣಿಸಿ. ಸಾವಿರ ಬರೆಸಿ. ಮತ್ತೆ ಎಣಿಸಿ. ಎಪ್ಸಿಲಾನ್ ಮೆಮರಿ ವಾಪಸ್ ಕೊಡುವುದಿಲ್ಲವಾದ್ದರಿಂದ ಟೆಸ್ಟಿಗೆ ಹೀಪ್ ಧಾರಾಳವಾಗಿ ಕೊಡಿ. ನಾವು 2 ಜಿಬಿ ಕೊಟ್ಟೆವು.

ಹಳೇ ಕೋಡಿನ ಮೇಲೆ ಓಡಿಸಿದಾಗ 71 ಇದ್ದದ್ದು (ಸುಮ್ನೆ ಬರೆಸಿದ ಹತ್ತೂ ತೆರೆದೇ ಇದ್ದವು) 1072 ಆಯಿತು. ಹೊಸ ಕೋಡಿನ ಮೇಲೆ 61 ಇದ್ದದ್ದು 62. ಆ ಒಂದು ಎಲ್ಲಿಂದ ಬಂತು ಅಂತ ಹುಡುಗ ಒಂದು ಗಂಟೆ ಹುಡುಕಿದ. ಮೊದಲ ಸಲವೂ ಆ ಒಂದು ಇತ್ತು, ಸಾವಿರದ ಗದ್ದಲದಲ್ಲಿ ಯಾರೂ ನೋಡಿರಲಿಲ್ಲ. ಸಂಜೆ ಬಂದು, "ಲಾಗ್ ಫೈಲು ಮೇಡಂ, ಟೆಸ್ಟ್ ಮಧ್ಯದಲ್ಲಿ ಓಪನ್ ಆಗಿದೆ. ಅದು ಇರ್ಬೇಕಾದ್ದೇ" ಅಂದ.